ತಾಳಿಯ ಪಿನ್ನು, ಹಿಂಗೋಲಿಯ ಕೊಳವೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳನ್ನು ಹರಡಿಕೊಂಡು ಕುಳಿತಾಗ ಒಂದು ಸಂಗತಿ ಗಮನಕ್ಕೆ ಬಂತು. ಔರಾದಿನಿಂದ ಬಂದದ್ದಿರಲಿ, ಸುರಪುರದಿಂದ ಬಂದದ್ದಿರಲಿ, ಹೆಚ್ಚಿನವು ಸುತ್ತಿ ಬಳಸಿ ಕೇಳುವುದು ಒಂದೇ: ಈ ಭೌತವಿಜ್ಞಾನದಿಂದ ನಮಗೇನು ಬಂತು? ನಾನು ವಿಜ್ಞಾನಿಯಲ್ಲ. ಬಿ.ಎಸ್ಸಿ. ಮುಗಿಸಿ, ಕಲಬುರಗಿಯಲ್ಲಿ ಮನೆ ಮಾಡಿಕೊಂಡು, ಮೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಮತ್ತು ಸ್ಕ್ಯಾನಿಂಗ್ ಯಂತ್ರಗಳನ್ನು ರಿಪೇರಿ ಮಾಡುತ್ತ 31 ವರ್ಷ ಕಳೆದವನು. ಉತ್ತರಗಳಲ್ಲಿ ಗ್ರೀಸಿನ ವಾಸನೆ ಬಂದರೆ ಸಹಿಸಿಕೊಳ್ಳಬೇಕು.

ಪ್ರಶ್ನೆ: ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲಿರುವ ‘ಲೈಗೋ’ ಯಂತ್ರಕ್ಕೆ ಕೇಂದ್ರ ಸರ್ಕಾರ 2,600 ಕೋಟಿ ರೂಪಾಯಿ ಮಂಜೂರು ಮಾಡಿದೆಯಂತೆ. ಎಲ್ಲಿಯೋ ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ಇಲ್ಲಿ ಕುಳಿತು ಅದನ್ನು ಕೇಳುತ್ತಾರಂತೆ. ನಮ್ಮ ಶಾಲೆಯ ದಾರಿಯಲ್ಲಿ ಮಳೆಗಾಲ ಬಂತೆಂದರೆ ಮೊಣಕಾಲುದ್ದ ಕೆಸರು. ಇದು ನ್ಯಾಯವೆ?
— ಪ್ರಾಥಮಿಕ ಶಾಲೆಯ ಶಿಕ್ಷಕರು, ಔರಾದ ತಾಲೂಕು

ಗುರುಗಳೆ, ನಿಮ್ಮ ಸಿಟ್ಟು ಸರಿಯಾದದ್ದೆ. ಲೆಕ್ಕ ಹೇಳಿ ಅದನ್ನು ತಣಿಸಲು ನೋಡಬಹುದು. 2023ರ ಏಪ್ರಿಲ್‌ನಲ್ಲಿ ಸಂಪುಟ ಒಪ್ಪಿದ ಆ ಮೊತ್ತವನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಹತ್ತೊಂಬತ್ತು ರೂಪಾಯಿಯೂ ಬೀಳುವುದಿಲ್ಲ, ಒಂದು ಪ್ಲೇಟ್ ಮಿರ್ಚಿ ಭಜಿಗೆ ಸಾಲದು. ಆದರೆ ಇಂಥ ಭಾಗಾಕಾರದಿಂದ ಯಾವ ಖರ್ಚನ್ನಾದರೂ ಸಣ್ಣದು ಮಾಡಿ ತೋರಿಸಬಹುದು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಸರು ದಾಟುವವರ ಮುಂದೆ ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ರಸ್ತೆಯ ಬಾಬತ್ತು ಬೇರೆ, ಅದನ್ನು ಕೇಳಬೇಕಾದ ಕಚೇರಿಯೂ ಬೇರೆ. ಎರಡನ್ನೂ ಕೇಳಿ, ಬಿಡಬೇಡಿ.

ಇನ್ನು ಯಂತ್ರದ ಮಾತು. ಔಂಢಾ ನಾಗನಾಥದ ಸಮೀಪ, ತಲಾ 4 ಕಿಲೋಮೀಟರ್ ಉದ್ದದ ಎರಡು ಕೊಳವೆಗಳನ್ನು ಲಂಬಕೋನದಲ್ಲಿ ಜೋಡಿಸುತ್ತಾರೆ. ಎರಡರೊಳಗೂ ಲೇಸರ್ ಬೆಳಕು ಹೋಗಿ, ತುದಿಯ ಕನ್ನಡಿಗೆ ತಾಗಿ ಮರಳುತ್ತದೆ. ಕಪ್ಪುಕುಳಿಗಳ ಡಿಕ್ಕಿಯಿಂದ ಏಳುವ ಗುರುತ್ವದ ಅಲೆ ಹಾದುಹೋದಾಗ ಒಂದು ತೋಳು ಕೂದಲೆಳೆಯಷ್ಟು ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಕೂದಲೆಳೆ ಎಂದದ್ದು ಮಾತಿಗೆ. ನಿಜವಾದ ಅಂತರ ಒಂದು ಪ್ರೋಟಾನಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಐನ್‌ಸ್ಟೈನ್ 1916ರಲ್ಲಿ ಲೆಕ್ಕ ಹಾಕಿ ಹೇಳಿದ ಈ ಅಲೆ, ಅಮೆರಿಕದ ಇಂಥವೇ ಎರಡು ಯಂತ್ರಗಳಿಗೆ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು.

ಈ ಅಲೆಯಿಂದ ನಿಮ್ಮ ಶಾಲೆಗೆ ಉಪಯೋಗವಿದೆಯೆ? ಇಲ್ಲ. ಇದೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ನನ್ನ ಕಣ್ಣು ಇರುವುದು ಅಲೆಯ ಮೇಲಲ್ಲ, ಕೊಳವೆಯ ಮೇಲೆ. ಒಟ್ಟು 8 ಕಿಲೋಮೀಟರ್ ಕೊಳವೆಯಿಂದ ಗಾಳಿಯನ್ನೆಲ್ಲ ಹೊರತೆಗೆದು ನಿರ್ವಾತ ಮಾಡಿ, ವರ್ಷಗಟ್ಟಲೆ ಸೂಜಿಮೊನೆಯಷ್ಟೂ ಸೋರದಂತೆ ಇಡಬೇಕು. ಅದನ್ನು ಬೆಸುಗೆ ಹಾಕುವವನು ಯಾರು? ಇಂದೋರ್, ಗಾಂಧಿನಗರ, ಪುಣೆಯ ಸಂಸ್ಥೆಗಳು ಈ ಕೆಲಸಕ್ಕೆ ನಿಂತಿವೆ. ಅವರ ಕೈಕೆಳಗೆ ದುಡಿಯುವ ವೆಲ್ಡರ್, ಫಿಟ್ಟರ್, ಪಂಪ್ ಮೆಕ್ಯಾನಿಕ್‌ಗಳು ಕಲಿಯುವ ವಿದ್ಯೆ ಕಪ್ಪುಕುಳಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಎಕ್ಸ್-ರೇ ಟ್ಯೂಬಿನ ನಿರ್ವಾತ ಕೆಟ್ಟರೆ ನಾವು ‘ಟ್ಯೂಬ್ ಗ್ಯಾಸಿ ಆಯಿತು’ ಎನ್ನುತ್ತಿದ್ದೆವು. ಹಾಗೆಂದರೆ ಅದರ ಕಥೆ ಮುಗಿಯಿತು ಎಂದರ್ಥ. ಹೊಸ ಟ್ಯೂಬ್ ಬರುವವರೆಗೆ ಹುಮನಾಬಾದಿನ ರೋಗಿ ಕೈ ಮುರಿದುಕೊಂಡು ಕಲಬುರಗಿಗೆ ಬಸ್ ಹತ್ತಬೇಕು. ನಿರ್ವಾತದ ಕೆಲಸ ಬಲ್ಲ ನಾಲ್ಕು ಜನ ಈ ಕಡೆ ಇದ್ದಿದ್ದರೆ ಎಂದು ನಾನು ಎಷ್ಟು ಸಲ ಹಲುಬಿದ್ದೇನೋ ಲೆಕ್ಕವಿಲ್ಲ.

ಪ್ರಶ್ನೆ: ನಮ್ಮ ಆಯಿಗೆ ಬೆನ್ನುನೋವೆಂದು ಕಲಬುರಗಿಯಲ್ಲಿ ಎಂ.ಆರ್.ಐ. ಮಾಡಿಸಿದೆವು. ಒಳಗೆ ಬಿಡುವ ಮೊದಲು ಕಾಲುಂಗುರ, ತಾಳಿ ಎಲ್ಲವನ್ನೂ ತೆಗೆಸಿದರು. ಮುತ್ಯಾ ಎದುರಿಗೇ ಇರುವಾಗ ತಾಳಿ ತೆಗೆಯುವುದು ಹೇಗೆಂದು ಆಯಿ ಅತ್ತೇ ಬಿಟ್ಟಳು. ಒಳಗೆ ತಗಡು ಬಡಿದ ಹಾಗೆ ಸದ್ದು. ನನ್ನ ಬಿ.ಎಸ್ಸಿ. ಪುಸ್ತಕದಲ್ಲಿರುವ ‘ಪ್ರೋಟಾನಿನ ಸ್ಪಿನ್’ಗೂ ಈ ಯಂತ್ರಕ್ಕೂ ಸಂಬಂಧವಿದೆಯೆ?
— ವಿದ್ಯಾರ್ಥಿನಿ, ಸುರಪುರ

ತಂಗಿ, ಮೊದಲು ತಾಳಿಯ ವಿಷಯ. ಚಿನ್ನವನ್ನಾಗಲಿ ಬೆಳ್ಳಿಯನ್ನಾಗಲಿ ಅಯಸ್ಕಾಂತ ಎಳೆಯುವುದಿಲ್ಲ. ಭಯವಿರುವುದು ತಾಳಿಗೆ ಸಿಕ್ಕಿಸಿಕೊಂಡ ಪಿನ್ನಿನದು. ನಮ್ಮ ಕಡೆಯ ಹೆಣ್ಣುಮಕ್ಕಳ ತಾಳಿಯಲ್ಲಿ ಎರಡು ಪಿನ್ನಾದರೂ ತೂಗಾಡದೆ ಇರುವುದಿಲ್ಲ. ಆ ಕೋಣೆಯಲ್ಲಿ ಪಿನ್ನು ಗುಂಡಿನಂತೆ ಹಾರುತ್ತದೆ. ಜೊತೆಗೆ ಯಾವ ಲೋಹವೇ ಇರಲಿ, ರೇಡಿಯೊ ಅಲೆಗೆ ಬಿಸಿಯಾಗಬಹುದು, ಚಿತ್ರವನ್ನೂ ಕೆಡಿಸಬಹುದು. ನಾನು ಹೋದ ಕಡೆಯಲ್ಲೆಲ್ಲ ಸಿಬ್ಬಂದಿಗೆ ಒಂದು ಮಾತು ಹೇಳುತ್ತಿದ್ದೆ: ಮೇಜಿನ ಡ್ರಾಯರಿನಲ್ಲಿ ದಾರಕ್ಕೆ ಕಟ್ಟಿದ ಅರಿಶಿನ ಕೊಂಬು ಇಟ್ಟಿರಿ. ಅದನ್ನು ಕೊರಳಿಗೆ ಹಾಕಿ, ತಾಳಿಯನ್ನು ಮುತ್ಯಾನ ಕೈಗೇ ಕೊಟ್ಟರೆ ಯಾವ ಆಯಿಯೂ ಅಳುವುದಿಲ್ಲ. ಈ ಸಲಹೆ ಯಾವ ಕಂಪನಿಯ ಕೈಪಿಡಿಯಲ್ಲೂ ಇಲ್ಲ.

ಸಂಬಂಧವಿದೆಯೆ ಎಂದು ಕೇಳಿದೆ. ನಿನ್ನ ಪುಸ್ತಕದ ಆ ಸ್ಪಿನ್ನೇ ಇಡೀ ಯಂತ್ರ. ಮೈಯಲ್ಲಿರುವ ನೀರು, ಕೊಬ್ಬು ಎಲ್ಲದರಲ್ಲೂ ಹೈಡ್ರೋಜನ್ ಇದೆ. ಅದರ ಪರಮಾಣು ಬೀಜದಲ್ಲಿರುವ ಪ್ರೋಟಾನ್ ಈ ಸ್ಪಿನ್ನಿನಿಂದಾಗಿ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಇಲ್ಲಿನ ಯಂತ್ರಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಬಲದ, ಎಂದರೆ ಭೂಮಿಯ ಕಾಂತಬಲದ ಮೂವತ್ತು ಸಾವಿರ ಪಟ್ಟಿನಷ್ಟು ಬಲದ, ಕ್ಷೇತ್ರದೊಳಗೆ ಆಯಿಯನ್ನು ಮಲಗಿಸಿದರೆ ಆ ಪ್ರೋಟಾನುಗಳು ಬುಗುರಿಯಂತೆ ವಾಲಿ ತಿರುಗುತ್ತವೆ, ಸೆಕೆಂಡಿಗೆ ಸುಮಾರು 6.4 ಕೋಟಿ ಸಲ. ಅದೇ ಲಯದ ರೇಡಿಯೊ ಅಲೆಯಿಂದ ತಟ್ಟಿದರೆ ಪ್ರತಿಯಾಗಿ ಅವೂ ಸಣ್ಣಗೆ ಮಿಡಿಯುತ್ತವೆ. 64 ಮೆಗಾಹರ್ಟ್ಸ್ ಎಂದರೆ ನಮ್ಮ ಎಫ್.ಎಂ. ಪಟ್ಟಿಗಿಂತ ತುಸು ಕೆಳಗೆ. ಹೊರಗಿನ ರೇಡಿಯೊ ಗದ್ದಲ ಒಳನುಗ್ಗದಿರಲಿ ಎಂದೇ ಆ ಕೋಣೆಯ ಗೋಡೆಗೂ ಬಾಗಿಲಿಗೂ ತಾಮ್ರದ ತಗಡು ಹೊದಿಸಿರುತ್ತಾರೆ. ಮಿಡಿತ ಎಲ್ಲಿಂದ ಬಂತೆಂದು ಗುರುತಿಸಲು ಕ್ಷೇತ್ರವನ್ನು ಅಲ್ಲಲ್ಲಿ ತುಸು ಏರಿಳಿಸುವ ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತು ಹರಿದು ನಿಂತಾಗಲೆಲ್ಲ ಸುರುಳಿ ಅದುರುತ್ತದೆ. ಆಯಿ ಕೇಳಿದ ತಗಡಿನ ಸದ್ದು ಅದೇ.

ಈ ಪ್ರೋಟಾನ್ ವಿದ್ಯೆಯನ್ನು ಮೊದಲು ಕಂಡವರಿಗೆ ಬೆನ್ನುಮೂಳೆಯ ಯೋಚನೆಯೇ ಇರಲಿಲ್ಲ. 1938ರಲ್ಲಿ ರಾಬಿ, 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ನೋಡುತ್ತಿದ್ದದ್ದು ಪರಮಾಣು ಬೀಜದ ಗುಣವನ್ನು. ಅದರಿಂದ ಚಿತ್ರ ತೆಗೆಯಬಹುದೆಂದು ಲಾಟರ್‌ಬರ್ 1973ರಲ್ಲಿ ತೋರಿಸಿದ. ಅಷ್ಟು ದೊಡ್ಡ ಅಯಸ್ಕಾಂತಕ್ಕೆ ಬೇಕಾದ ಅತಿವಾಹಕ ತಂತಿ, ಎಂದರೆ ವಿದ್ಯುತ್ತನ್ನು ಯಾವ ತಡೆಯೂ ಇಲ್ಲದೆ ಹರಿಸುವ ತಂತಿ, ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾಗಲು ಒಂದು ಮುಖ್ಯ ಕಾರಣ, ಅಮೆರಿಕದ ಫರ್ಮಿಲ್ಯಾಬಿನವರು ಕಣಗಳನ್ನು ಡಿಕ್ಕಿ ಹೊಡೆಸಲು ಕಟ್ಟಿದ ಟೆವಟ್ರಾನ್ ಎಂಬ ಯಂತ್ರ. ಅವರಿಗೆ ತಂತಿ ಬೇಕಾಗಿತ್ತು, ಮಾಡುವುದನ್ನು ಕಾರ್ಖಾನೆ ಕಲಿಯಿತು, ಆಸ್ಪತ್ರೆಗೆ ಅಗ್ಗವಾಯಿತು.

ಆ ತಂತಿ ಅತಿವಾಹಕವಾಗಿಯೇ ಇರಬೇಕಾದರೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಇಲ್ಲಿ ನಿನ್ನೂರಿನ ಮಾತು ಬರುತ್ತದೆ. 1868ರ ಆಗಸ್ಟ್ 18ರಂದು, ಸುರಪುರದ ದೊರೆ ವೆಂಕಟಪ್ಪ ನಾಯಕ ತೀರಿಕೊಂಡು ಹತ್ತು ವರ್ಷವಾಗಿತ್ತು, ಖಗ್ರಾಸ ಗ್ರಹಣದ ನೆರಳು ಜಮಖಂಡಿಯಿಂದ ಸುರಪುರ ಸೀಮೆಯ ಮೇಲೆ ಹಾದು ಗುಂಟೂರಿನತ್ತ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಹಿಡಿದು ಕುಳಿತಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆ ಸೋಡಿಯಂನದಲ್ಲ ಎಂದು ಇಂಗ್ಲೆಂಡಿನ ಲಾಕಿಯರ್ ಗುರುತಿಸಿದ. ಆ ಧಾತುವೇ ಹೀಲಿಯಂ. ಭೂಮಿಯ ಮೇಲೆ ಅದು ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. 1908ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಅದನ್ನು ದ್ರವ ಮಾಡಿದ, ಅದರ ಚಳಿಯಲ್ಲಿ ಪಾದರಸವನ್ನು ಇಟ್ಟು 1911ರಲ್ಲಿ ಅತಿವಾಹಕತೆಯನ್ನು ಕಂಡ. ನಿಮ್ಮ ಊರಿನವರು ಆ ಗ್ರಹಣದ ದಿನ ನೀರಿನಲ್ಲಿ ನಿಂತು ಜಪ ಮಾಡಿರಬೇಕು. ತಪ್ಪೇನಿಲ್ಲ.

ಇಷ್ಟೆಲ್ಲ ದಾಟಿ ಬಂದ ವಿದ್ಯೆ ಎಲ್ಲಿ ಮುಗ್ಗರಿಸುತ್ತದೆ ಗೊತ್ತೆ? ಒಂದು ಆಸ್ಪತ್ರೆಯಲ್ಲಿ, ಊರು ಬೇಡ, ಮೇ ತಿಂಗಳ ಶನಿವಾರ ಸಂಜೆ ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಹಾಕಿರಲಿಲ್ಲ. ಹೀಲಿಯಂ ತಣ್ಣಗಿಡುವ ಯಂತ್ರಕ್ಕೆ ನೀರು ಕೊಡುವ ಚಿಲ್ಲರ್ ನಿಂತಿತು. ಕರೆಂಟು ಬಂದ ಮೇಲೆ ಅದರ ಸ್ವಿಚ್ ಒತ್ತಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಮೊದಲೇ ಮಟ್ಟ ಇಳಿದಿದ್ದ ಹೀಲಿಯಂ ಕುದಿಯುತ್ತ ಹೋಗಿ, ಅಯಸ್ಕಾಂತ ಸತ್ತು, ಉಳಿದ ದ್ರವವೆಲ್ಲ ಏಳುನೂರು ಪಟ್ಟು ಹಿಗ್ಗಿ ಮಾಳಿಗೆಯ ಕೊಳವೆಯಿಂದ ಬಿಳಿ ಮೋಡವಾಗಿ ಹೊರಗೆ ನುಗ್ಗಿತು. ನಾನು ಬೀದರಿನಿಂದ ಬರುವಷ್ಟರಲ್ಲಿ ಕಾವಲುಗಾರ ಬೆಂಕಿ ಬಿತ್ತೆಂದು ಫೋನ್ ಮಾಡಿ ಮುಗಿಸಿದ್ದ. ಹೀಲಿಯಂ ನಮ್ಮ ದೇಶಕ್ಕೆ ಹೊರಗಿನಿಂದ ಬರಬೇಕು. ವಾರಗಟ್ಟಲೆ ಯಂತ್ರ ತೆಪ್ಪಗಿತ್ತು, ರೋಗಿಗಳು ಸೊಲ್ಲಾಪುರ, ಹೈದರಾಬಾದು ಎಂದು ಅಲೆದರು. ಕೆಲವೇ ಲೀಟರ್ ಹೀಲಿಯಂ ಸಾಕಾಗುವ ಹೊಸ ಯಂತ್ರಗಳು ಈಗ ಬಂದಿವೆ. ಡೀಸೆಲ್ ಮಾತ್ರ ಈಗಲೂ ಯಾರಾದರೂ ತಂದು ಹಾಕಬೇಕು.

ಪ್ರಶ್ನೆ: ಅಣುವಿಕಿರಣ ಕೊಟ್ಟು ತೊಗರಿ ಬೀಜ ಮಾಡುತ್ತಾರೆಂದು ಕೇಳಿದೆ. ಅಂಥ ಬೇಳೆ ತಿಂದರೆ ಮೈಗೆ ವಿಕಿರಣ ಹತ್ತುತ್ತದೆಯೆ?
— ರೈತರು, ಚಿತ್ತಾಪುರ ತಾಲೂಕು

ಹತ್ತುವುದಿಲ್ಲ, ಅಣ್ಣಾ. ಬಿಸಿಲಿಗೆ ಒಣಗಿಸಿದ ಬೇಳೆ ರಾತ್ರಿ ಡಬ್ಬಿಯಲ್ಲಿ ಬೆಳಗುತ್ತದೆಯೆ? ಕಿರಣ ತಗುಲಿದಾಗ ಬೀಜದೊಳಗಿನ ವಂಶವಾಹಿ ಅಲ್ಲಲ್ಲಿ ಬದಲಾಗುತ್ತದೆ. ಸಾವಿರಾರು ಗಿಡಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರದವು, ಎಲ್ಲಿಯೋ ಒಂದು ದಪ್ಪ ಕಾಳು ಬಿಡುತ್ತದೆ, ಇನ್ನೊಂದು ಬೇಗ ಕೊಯ್ಲಿಗೆ ಬರುತ್ತದೆ. ಅದನ್ನು ಆರಿಸಿ, ತಲೆಮಾರುಗಳ ಕಾಲ ಬಿತ್ತಿ ಬೆಳೆದು, ಪರೀಕ್ಷಿಸಿದ ಮೇಲೆಯೇ ತಳಿ ಎಂದು ಬಿಡುಗಡೆ ಮಾಡುವುದು. ನಿಮ್ಮ ಹೊಲಕ್ಕೆ ಬರುವುದು ಕಿರಣ ತಿಂದ ಬೀಜವಲ್ಲ, ಅದರ ಮರಿಮೊಮ್ಮಗ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ನ್ಯೂಟ್ರಾನಿಗೆ ಒಡ್ಡಿ ಪಡೆದ ಟ್ರಾಂಬೆ ವಿಶಾಖಾ-1 ಎಂಬ ದಪ್ಪಕಾಳಿನ ತೊಗರಿ ಹೀಗೆಯೇ ಬಂದದ್ದು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡಾಗ ಅವನ ಎದುರು ತೊಗರಿ ಇರಲಿಲ್ಲ.

ಹೆಸರಿಗೇ ಹೆದರುವುದು ನಿಮ್ಮೊಬ್ಬರ ಕಥೆಯಲ್ಲ. ಮೇಲೆ ಹೇಳಿದ ಎಂ.ಆರ್.ಐ. ಯಂತ್ರದ ವಿದ್ಯೆಯ ಹೆಸರಿನಲ್ಲಿ ಮೊದಲು ‘ನ್ಯೂಕ್ಲಿಯರ್’ ಎಂಬ ಪದವಿತ್ತು. ರೋಗಿಗಳು ಬೆಚ್ಚುತ್ತಾರೆಂದು ಅದನ್ನು ಕೈಬಿಟ್ಟರು. ಆದರೆ ಯಾವ ತಳಿಯೂ ಕಿರಣದಿಂದ ಬಂತೆಂಬ ಒಂದೇ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ನಿಮ್ಮ ಕರಿಮಣ್ಣಿಗೆ ಯಾವುದು ಹೊಂದುತ್ತದೆ, ನೆಟೆ ರೋಗವನ್ನು ಯಾವುದು ತಡೆಯುತ್ತದೆ ಎಂಬುದನ್ನು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಬಿತ್ತಿ. ನನ್ನನ್ನು ನಂಬಿ ಒಂದು ಎಕರೆಯನ್ನೂ ಬಿತ್ತಬೇಡಿ.

ಪ್ರಶ್ನೆ: ಮೂಲ ವಿಜ್ಞಾನಕ್ಕೆ ಹಾಕಿದ ಹಣ ಎಂದಾದರೂ ಲಾಭವಾಗಿ ಮರಳುತ್ತದೆ ಎನ್ನುತ್ತಾರೆ. ನಿಜವೆ?
— ನಿವೃತ್ತ ಬ್ಯಾಂಕ್ ನೌಕರರು, ಬೀದರ

ಎಲ್ಲವೂ ಮರಳುವುದಿಲ್ಲ. 1965ರಲ್ಲಿ ನಮ್ಮದೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಜಗತ್ತಿನಲ್ಲೇ ಮೊದಲು ಕಂಡವರ ಸಾಲಿನಲ್ಲಿ ನಮ್ಮವರಿದ್ದಾರೆ. ಅದರಿಂದ ಇವತ್ತಿನವರೆಗೆ ಯಾರ ಮನೆಯ ದೀಪವೂ ಹೊತ್ತಿಲ್ಲ. ನೀವು ಬ್ಯಾಂಕಿನವರು, ಠೇವಣಿಗೂ ದೇಣಿಗೆಗೂ ಇರುವ ವ್ಯತ್ಯಾಸ ಬಲ್ಲವರು. ಬಡ್ಡಿ ಬರುತ್ತದೆಂದು ಆಸೆ ತೋರಿಸಿ ಹಣ ಕೇಳುವ ವಿಜ್ಞಾನಿಗಿಂತ, ತಿಳಿಯಬೇಕಾಗಿದೆ ಕೊಡಿ ಎಂದು ನೇರವಾಗಿ ಕೇಳುವವನ ಮೇಲೆ ನನಗೆ ನಂಬಿಕೆ ಹೆಚ್ಚು.

ಪ್ರಶ್ನೆ: ಮಗಳು ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತೇನೆ ಎನ್ನುತ್ತಾಳೆ. ಬಿ.ಇಡಿ. ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಬೀಗರು ನಗುತ್ತಾರೆ.
— ಗೃಹಿಣಿ, ಕಲಬುರಗಿ

ಬೀಗರಿಗೆ ಒಂದು ದಾರಿ ಗೊತ್ತಿಲ್ಲ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯಲ್ಲೂ ಕಿರಣದ ಪ್ರಮಾಣವನ್ನು ಅಳೆದು ಲೆಕ್ಕ ಹಾಕುವ ವೈದ್ಯಕೀಯ ಭೌತವಿಜ್ಞಾನಿ ಇರಲೇಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮವಿದೆ. ಎಂ.ಎಸ್ಸಿ. ಆದ ಮೇಲೆ ಭಾಭಾ ಕೇಂದ್ರದಲ್ಲಿ ಅದಕ್ಕೆಂದೇ ಒಂದು ವರ್ಷದ ಡಿಪ್ಲೊಮಾ ಇದೆ. ಸೀಟು ಕಡಿಮೆ, ಓದು ಕಠಿಣ. ಮಗಳಿಗೆ ಗಣಿತ ಬೇಸರವಿಲ್ಲದಿದ್ದರೆ ಕಳುಹಿಸಿ, ಅಕ್ಕಾ.

ಪ್ರಶ್ನೆ: ಎಕ್ಸ್-ರೇಯಲ್ಲಿ ‘ಎಕ್ಸ್’ ಎಂದರೇನು? ಮುತ್ಯಾನ ಹಳೆಯ ಎಕ್ಸ್-ರೇ ಫಿಲ್ಮಿನಿಂದ ಗ್ರಹಣ ನೋಡಬಹುದೆ?
— ಒಂಬತ್ತನೆಯ ತರಗತಿಯ ಹುಡುಗ, ಶಹಾಪುರ

ನಿನ್ನ ಬೀಜಗಣಿತದ ‘ಎಕ್ಸ್’ ಅದು. 1895ರ ನವೆಂಬರ್ 8ರಂದು ಕಂಡ ಕಿರಣ ಏನೆಂದು ರಾಂಟ್ಗನ್‌ಗೆ ತಿಳಿಯಲಿಲ್ಲ, ಹಾಗಾಗಿ ಆ ಹೆಸರಿಟ್ಟ. ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದ, ಬೆರಳಿನ ಎಲುಬು, ಅದರ ಮೇಲೆ ಉಂಗುರ. ಪೇಟೆಂಟ್ ಮಾಡಿಸಲಿಲ್ಲ. ತಿಂಗಳುಗಳಲ್ಲೇ ವೈದ್ಯರು ಮುರಿದ ಮೂಳೆ ನೋಡತೊಡಗಿದರು.

ಗ್ರಹಣವನ್ನು ಮಾತ್ರ ಅದರಿಂದ ನೋಡಬೇಡ. ಫಿಲ್ಮು ಕಪ್ಪಾಗಿ ಕಂಡರೂ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಸಾಕಷ್ಟು ತಡೆಯುವುದಿಲ್ಲ. ಅಕ್ಷಿಪಟ ಸುಟ್ಟರೂ ನೋವಾಗದು, ತಿಳಿಯುವುದು ಮರುದಿನ. ಗ್ರಹಣಕ್ಕೆಂದೇ ಮಾಡಿದ ಕನ್ನಡಕ ಕೊಂಡುಕೋ. ಆ ಫಿಲ್ಮಿನಲ್ಲಿ ತುಸು ಬೆಳ್ಳಿಯಿರುತ್ತದೆ, ಅದಕ್ಕೆಂದೇ ಕೊಳ್ಳುವವರು ಮನೆ ಬಾಗಿಲಿಗೆ ಬರುತ್ತಾರೆ. ಮಾರುವ ಮೊದಲು ಮುತ್ಯಾನನ್ನು ಒಂದು ಮಾತು ಕೇಳು. ಮುಂದಿನ ಸಲ ಎದೆ ನೋವೆಂದು ಹೋದಾಗ ಡಾಕ್ಟರು ಮೊದಲು ಕೇಳುವುದು ಹಳೆಯ ಫಿಲ್ಮನ್ನೇ.