ಓದುಗರ ಪ್ರಶ್ನೆ: ‘ಬ್ಲ್ಯಾಕ್ ಬ್ಯೂಟಿ’ ಯಾಕೆ ಇಷ್ಟು ನಿಧಾನ?

ಪ್ರಶ್ನೆ: ಕುದುರೆಗಳ ಮೇಲಿನ ಮೇರುಕೃತಿ ಎಂದು ಕೇಳಿ ಆನಾ ಸೆವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ ಹಿಡಿದೆ. ಅರ್ಧ ಮುಗಿದರೂ ಕಥೆ ಶುರುವಾದಂತಿಲ್ಲ. ಯಜಮಾನ ಬದಲಾಗುತ್ತಾನೆ, ಉಪದೇಶ ನಡೆದೇ ಇರುತ್ತದೆ. ಓದುವ ಕ್ರಮದಲ್ಲೇ ತಪ್ಪಿದೆಯೇ?
— ಓದುಗರು, ಹಾಸನ

ಉತ್ತರ: ಮಕ್ಕಳ ಸಾಹಸಕಥೆ ಎಂದು ನಿಮ್ಮ ಕೈಗಿತ್ತವರದೇ ತಪ್ಪು. 1877ರಲ್ಲಿ ಬಂದ ಈ ಪುಸ್ತಕವನ್ನು ಸೆವೆಲ್ ಬರೆದದ್ದು ಕುದುರೆಗಳೊಡನೆ ದುಡಿಯುವವರಿಗೆ: ಲಾಯದ ಆಳುಗಳಿಗೆ, ಗಾಡಿ ಹೊಡೆಯುವವರಿಗೆ. 49 ಪುಟ್ಟ ಅಧ್ಯಾಯಗಳು. ಹೆಚ್ಚಿನವು ಒಂದೊಂದು ಪಾಠ. ಒಂದೇ ಪಟ್ಟಿಗೆ ಹತ್ತು ಓದಿದರೆ ಬೇಸರ ಖಂಡಿತ. ದಿನಕ್ಕೆರಡು ಸಾಕು.

ಕಥೆ ಸಾಗದಿರಲು ಇನ್ನೊಂದು ಕಾರಣವಿದೆ. ಇಲ್ಲಿನ ನಾಯಕನೂ ಕಥೆ ಹೇಳುವವನೂ ಕುದುರೆಯೇ, ಅವನು ತನ್ನ ಬದುಕಿನ ಬಗ್ಗೆ ಏನನ್ನೂ ನಿರ್ಧರಿಸಲಾರ. ಅವನನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಅಷ್ಟೆ. ಹಾಗಾಗಿ ‘ಮುಂದೇನು’ ಎಂದು ಕಾಯುವ ಬದಲು ಕುದುರೆಯ ಮೈಯನ್ನೂ ಬೆಲೆಯನ್ನೂ ಗಮನಿಸುತ್ತಾ ಹೋಗಿ. 25ನೇ ಅಧ್ಯಾಯದಲ್ಲಿ ಲಾಳದ ಒಂದು ಮೊಳೆ ಸಡಿಲಾಗಿರುತ್ತದೆ. ಕುಡಿದಿದ್ದ ಲಾಯದ ಆಳು ರೂಬೆನ್ ಸ್ಮಿತ್ ಅದನ್ನು ಲೆಕ್ಕಿಸದೆ, ಹೊಸದಾಗಿ ಜಲ್ಲಿ ಹಾಸಿದ ರಸ್ತೆಯಲ್ಲಿ ನಾಗಾಲೋಟ ಓಡಿಸುತ್ತಾನೆ. ಲಾಳ ಕಳಚುತ್ತದೆ, ಗೊರಸು ಸೀಳುತ್ತದೆ, ಕುದುರೆ ಮೊಣಕಾಲೂರಿ ಬೀಳುತ್ತದೆ, ಸ್ಮಿತ್ ಸಾಯುತ್ತಾನೆ. ಗಾಯ ಮಾಯ್ದರೂ ಕಲೆ ಉಳಿಯುತ್ತದೆ. ಮೊಣಕಾಲಿನ ಕಲೆ ಎಂದರೆ ‘ಎಡವಿ ಬಿದ್ದ ಕುದುರೆ’ ಎಂಬ ಗುರುತು. ದೊಡ್ಡ ಮನೆಯ ಲಾಯಕ್ಕೆ ಅದು ಬೇಡ. ಅಲ್ಲಿಂದ ಬಾಡಿಗೆ ಲಾಯ, ಲಂಡನ್ನಿನ ಬಾಡಿಗೆ ಬಂಡಿ, ಹೇರು ಗಾಡಿ. ಕಾದಂಬರಿಯ ನಿಜವಾದ ಓಟ ಈ ಇಳಿಜಾರಿನಲ್ಲಿದೆ.

ಬೇರಿಂಗ್ ರೇನ್ ಎಂಬ ಪಟ್ಟಿಯ ವಿಚಾರವನ್ನಂತೂ ಹಾರಿಸಬೇಡಿ. ಕಡಿವಾಣದಿಂದ ಬೆನ್ನ ಮೇಲಿನ ಕೊಕ್ಕೆಗೆ ಬಿಗಿಯುವ ಇದರ ಉದ್ದೇಶ ತಲೆಯನ್ನು ಮೇಲೆತ್ತಿ ನಿಲ್ಲಿಸುವುದು. ನೋಟಕ್ಕೆ ಠೀವಿ, ಕುದುರೆಗೆ ಹಿಂಸೆ. ಏರು ಹತ್ತುವಾಗ ಅದು ತಲೆ ತಗ್ಗಿಸಿ ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿ ಎಳೆಯಬೇಕು. ತಲೆ ಕಟ್ಟಿಹಾಕಿದರೆ ಶ್ರಮವೆಲ್ಲ ಬೆನ್ನು, ಕಾಲುಗಳ ಮೇಲೆ, ಉಸಿರೂ ಕಟ್ಟುತ್ತದೆ. 22ನೇ ಅಧ್ಯಾಯದಲ್ಲಿ ಈ ಪಟ್ಟಿಯನ್ನು ದಿನದಿನಕ್ಕೆ ಒಂದೊಂದೇ ತೂತು ಬಿಗಿಯುತ್ತಾರೆ, 23ರಲ್ಲಿ ಜೊತೆಯ ಹೆಣ್ಣು ಕುದುರೆ ಜಿಂಜರ್ ಒದ್ದು ದಂಗೆ ಏಳುತ್ತಾಳೆ. 46ರಲ್ಲಿ ದಾರಿಹೋಕ ಹೆಂಗಸೊಬ್ಬಳು ಅದನ್ನು ಬಿಚ್ಚಿಸಿದ ಮೇಲೆ ಅದೇ ಕುದುರೆ ಅದೇ ಹೇರನ್ನು ಏರು ಹತ್ತಿಸುತ್ತದೆ.

ನಿಮ್ಮ ದೂರಿನಲ್ಲೂ ಹುರುಳಿದೆ. ಲಂಡನ್ನಿನಲ್ಲಿ ಬಾಡಿಗೆ ಬಂಡಿ ಹೊಡೆಯುವ ಜೆರಿ ಬಾರ್ಕರ್ ಅತಿ ಒಳ್ಳೆಯವನು. ಭಾನುವಾರದ ದುಡಿಮೆ (36), ಚುನಾವಣೆ (42) ಇವೆಲ್ಲ ಬರೀ ಪ್ರವಚನ, ಬಿಟ್ಟರೆ ನಷ್ಟವಿಲ್ಲ. 39 ಮಾತ್ರ ಬೇಕು: ಬಂಡಿಗೂ ಎರಡು ಕುದುರೆಗಳಿಗೂ ದಿನಕ್ಕೆ 18 ಶಿಲಿಂಗ್ ಬಾಡಿಗೆ ತೆರಬೇಕಾದ ಇನ್ನೊಬ್ಬ ಬಂಡಿಯವನು ಕುದುರೆಗೆ ಯಾಕೆ ಹೊಡೆಯುತ್ತಾನೆ ಎಂಬ ಲೆಕ್ಕ ಅಲ್ಲಿದೆ. ಮರುಪುಟದ 40ರಲ್ಲಿ ಜಿಂಜರ್ ಕೊನೆಯ ಬಾರಿ ಸಿಗುತ್ತಾಳೆ. ಅದೂ ತಟ್ಟದಿದ್ದರೆ ಪುಸ್ತಕ ಮುಚ್ಚಿಬಿಡಿ.

ಕೊನೆಗೊಂದು ಮಾತು, ನಿಮ್ಮ ಪ್ರತಿಯಲ್ಲಿ ನಾಲ್ಕು ಭಾಗ, 49 ಅಧ್ಯಾಯ ಇವೆಯೇ ನೋಡಿ. ಸಂಕ್ಷಿಪ್ತ ಆವೃತ್ತಿಗಳು ಲಾಯಕ್ಕೆ ಬೆಂಕಿ ಬಿದ್ದ ಪ್ರಸಂಗ ಇಟ್ಟುಕೊಂಡು ಲಾಳ, ಪಟ್ಟಿಗಳ ವಿವರ ಕತ್ತರಿಸಿರುವುದುಂಟು.

ಪ್ರಶ್ನೆ: ಕುದುರೆಯೇ ಹೇಳುವ, ಆದರೆ ಚಿಕ್ಕದಾದ ಕೃತಿ ಇದೆಯೇ?
— ಓದುಗರು, ಶಿರಸಿ

ಉತ್ತರ: ಟಾಲ್‌ಸ್ಟಾಯ್ ಅವರ ‘ಖೋಲ್‌ಸ್ತೊಮೇರ್’, 1886ರ ನೀಳ್ಗತೆ. ಮುದಿ ಕುದುರೆಯೊಂದು ರಾತ್ರಿಗಳಲ್ಲಿ ಹಿಂಡಿನ ಮುಂದೆ ತನ್ನ ಬಾಳನ್ನು ಹೇಳಿಕೊಳ್ಳುತ್ತದೆ. ‘ಇದು ನನ್ನದು’ ಎನ್ನುವ ಮನುಷ್ಯರ ಹುಚ್ಚನ್ನು ಅದು ಪ್ರಶ್ನಿಸುವ ರೀತಿ ಸೆವೆಲ್ ಅವರಿಗಿಂತ ಖಾರ. ಇದು ದೊಡ್ಡವರಿಗೆ, ಕೊನೆಯ ಭಾಗ ಮಕ್ಕಳಿಗೆ ಬೇಡ.