ಡೆಕ್ಸ್ಟರ್‌ನ ಕೊನೆ: ಸಿಕ್ಕಿಬೀಳಲೇ ಇಲ್ಲವಲ್ಲ!

"ತುಂಬಾ ಇಷ್ಟಪಟ್ಟು ನೋಡಿದ ಸರಣಿ ಕೊನೆಯಲ್ಲಿ ಕೈಕೊಟ್ಟಿದ್ದುಂಟಾ?" ಅಂತ ಕೇಳಿದ್ದೀರಿ. ಉಂಟು. 2013ರದ್ದು, ಹೊಟ್ಟೆಯುರಿ ಇನ್ನೂ ಆರಿಲ್ಲ. ಅಮೆರಿಕದ ಟಿವಿ ಸರಣಿ 'ಡೆಕ್ಸ್ಟರ್'. ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಗುಟ್ಟೂ ಬಯಲು.

ಡೆಕ್ಸ್ಟರ್ ಮಾರ್ಗನ್ ಮಿಯಾಮಿ ಪೊಲೀಸ್ ಇಲಾಖೆಯಲ್ಲಿ ರಕ್ತದ ಕಲೆಗಳ ತಜ್ಞ. ಹಗಲು ಆ ಕೆಲಸ. ರಾತ್ರಿ, ಕಾನೂನಿಗೆ ಸಿಗದೆ ಉಳಿದ ಕೊಲೆಗಾರರನ್ನು ಹುಡುಕಿ ತಾನೇ ಕೊಲ್ಲುವುದು. ಹೆಣವನ್ನು ತುಂಡು ಮಾಡಿ, ಕಪ್ಪು ಚೀಲಕ್ಕೆ ತುಂಬಿ, ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಎಸೆಯುತ್ತಾನೆ. ಸಾಕಿದ ಅಪ್ಪನ ಮಗಳು ಡೆಬ್ರಾ ಅದೇ ಇಲಾಖೆಯಲ್ಲಿ ಪೊಲೀಸ್. ಅವಳಿಗೆ ಏನೂ ಗೊತ್ತಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಇದು ಒಂದು ಹಾರ್ಡ್ ಡಿಸ್ಕಿನಲ್ಲಿ ರೂಮಿಂದ ರೂಮಿಗೆ ತಿರುಗುತ್ತಿತ್ತು. ನಾಲ್ಕನೇ ಸೀಸನ್ನಿನ ಕೊನೆ ನೋಡಿದ ರಾತ್ರಿ ನೆನಪಿದೆ. ಟ್ರಿನಿಟಿ ಕೊಲೆಗಾರನನ್ನು (ಜಾನ್ ಲಿತ್‌ಗೋ, ಎಂಥಾ ನಟನಪ್ಪ!) ಮುಗಿಸಿ ಡೆಕ್ಸ್ಟರ್ ನೆಮ್ಮದಿಯಾಗಿ ಮನೆಗೆ ಬರುತ್ತಾನೆ. ಬಚ್ಚಲ ತೊಟ್ಟಿಯಲ್ಲಿ ಹೆಂಡತಿ ರೀಟಾಳ ಹೆಣ, ನೆಲದ ಮೇಲೆ ರಕ್ತದ ಮಡುವಿನಲ್ಲಿ ಕೂತು ಅಳುತ್ತಿರುವ ಕೂಸು. ಡೆಕ್ಸ್ಟರ್ ಕೂಡ ಚಿಕ್ಕವನಿದ್ದಾಗ ಹೀಗೇ ತಾಯಿಯ ರಕ್ತದಲ್ಲಿ ಕೂತಿದ್ದವನು. ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ನಾವು ನಾಲ್ವರು ಬಾಯಿ ಬಿಡಲಿಲ್ಲ.

ಆ ಸೀಸನ್ ಆದಮೇಲೆ ಸರಣಿಯ ಚುಕ್ಕಾಣಿ ಹಿಡಿದಿದ್ದ ಕ್ಲೈಡ್ ಫಿಲಿಪ್ಸ್ ಬಿಟ್ಟುಹೋದರು. ಐದು, ಆರು ಹೇಗೋ ಕುಂಟಿದವು. ಏಳರಲ್ಲಿ ಮತ್ತೆ ಜೀವ ಬಂತು. ಡೆಬ್ರಾಗೆ ಅಣ್ಣನ ನಿಜ ಗೊತ್ತಾಗಿತ್ತು. ಅವನನ್ನು ಉಳಿಸಲು ತನ್ನ ಮೇಲಧಿಕಾರಿ ಲಗ್ವೆರ್ಟಾಳನ್ನೇ ಗುಂಡಿಟ್ಟು ಕೊಂದಳು. ಇನ್ನುಳಿದದ್ದು ಒಂದೇ ಅಂದುಕೊಂಡೆವು: ಠಾಣೆಯವರಿಗೆಲ್ಲ ಗೊತ್ತಾಗುವುದು.

ಸೆಪ್ಟೆಂಬರ್ 22, 2013. ತೊಂಬತ್ತಾರನೇ, ಕೊನೆಯ ಕಂತು. ಡೆಬ್ರಾಳಿಗೆ ಗುಂಡು ಹೊಡೆದು ಲಾಕಪ್ಪಿನಲ್ಲಿದ್ದ ಖೈದಿಯ ಕುತ್ತಿಗೆಗೆ ಡೆಕ್ಸ್ಟರ್ ಪೆನ್ನು ಚುಚ್ಚಿ ಕೊಲ್ಲುತ್ತಾನೆ. ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ. ಠಾಣೆಯ ಸಹೋದ್ಯೋಗಿಗಳಾದ ಬಟಿಸ್ಟಾ, ಕ್ವಿನ್ ಇಬ್ಬರೂ ಅದನ್ನು ಅವನ ಜೊತೆಗೇ ಕೂತು ನೋಡಿ, ಆತ್ಮರಕ್ಷಣೆ ಅಂತ ಮನೆಗೆ ಕಳಿಸುತ್ತಾರೆ! ಆಮೇಲೆ ಆಸ್ಪತ್ರೆ. ಚಂಡಮಾರುತದ ಗಡಿಬಿಡಿಯಲ್ಲಿ, ಪ್ರಜ್ಞೆಯಿಲ್ಲದೆ ಮಲಗಿದ್ದ ಡೆಬ್ರಾಳ ಉಸಿರಾಟದ ಯಂತ್ರ ನಿಲ್ಲಿಸಿ, ಬಿಳಿ ಬಟ್ಟೆ ಸುತ್ತಿದ ಹೆಣವನ್ನು ದೋಣಿಗೆ ಸಾಗಿಸುತ್ತಾನೆ. ಒಬ್ಬರೂ ತಡೆಯುವುದಿಲ್ಲ. ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯನ್ನು ಟೀ ಕುಡಿಸೋಕೆ ಹೊರಗೆ ಕರೆದೊಯ್ದರೂ ಆಯಮ್ಮ ಅಡ್ಡ ಬರ್ತಾಳೆ ಸ್ವಾಮಿ.

ಅವಳನ್ನು ಬಿಟ್ಟದ್ದೆಲ್ಲಿ? ಅದೇ ಸಮುದ್ರಕ್ಕೆ, ಎಂಟು ಸೀಸನ್ ಪೂರ್ತಿ ಕೊಲೆಗಡುಕರ ತುಂಡುಗಳನ್ನು ಎಸೆದಿದ್ದ ನೀರಿಗೆ. ನನಗೆ ತಡೆಯಲಾಗದ್ದು ಇದು. ಆಮೇಲೆ ದೋಣಿಯನ್ನು ಬಿರುಗಾಳಿಯೊಳಗೆ ನುಗ್ಗಿಸಿ ಸತ್ತ ಅನ್ನಿಸಿಕೊಂಡವನು ಆರೆಗನ್‌ನಲ್ಲಿ ಗಡ್ಡ ಬಿಟ್ಟು ಮರ ಕಡಿಯುವವರ ನಡುವೆ ಬದುಕಿದ್ದ.

ಜನ ಆ ಗಡ್ಡವನ್ನು ಆಡಿಕೊಂಡು ನಕ್ಕರು. ಅವನು ಬದುಕಿದ್ದು ನನಗೆ ತಕರಾರಲ್ಲ. ಯಾವಾಗ ಸಿಕ್ಕಿಬೀಳ್ತಾನೆ ಅಂತ ಉಗುರು ಕಚ್ಚಿಸಿದ ಕಥೆ ಅದು. ದಿನಾ ಬೆಳಿಗ್ಗೆ ಡೋನಟ್ ಡಬ್ಬಿ ಹಿಡಿದು ಬರುತ್ತಿದ್ದವನು ಯಾರು ಅಂತ ತಿಳಿದಾಗ ಬಟಿಸ್ಟಾನ ಮುಖ ಹೇಗಾಗುತ್ತೆ? ಅದನ್ನು ನೋಡಲೆಂದೇ ಕಾದಿದ್ದೆ. ತೋರಿಸಲೇ ಇಲ್ಲ. ಮುಂದಿನ ಭಾನುವಾರವೇ ಇನ್ನೊಂದು ಸರಣಿ 'ಬ್ರೇಕಿಂಗ್ ಬ್ಯಾಡ್' ಮುಗಿಯಿತು. ಅಲ್ಲಿ ಮಾದಕವಸ್ತು ತಯಾರಿಸುತ್ತಿದ್ದ ನಾಯಕ ವಾಲ್ಟರ್ ಹೆಂಡತಿಯೆದುರು ನಿಂತು, ಮಾಡಿದ್ದೆಲ್ಲ ಸಂಸಾರಕ್ಕಲ್ಲ, ನನಗೋಸ್ಕರ ಅಂತ ಒಪ್ಪಿಕೊಳ್ಳುತ್ತಾನೆ. ಆ ಒಂದು ಮಾತು ಇಲ್ಲೂ ಬೇಕಿತ್ತು.

2021ರಲ್ಲಿ ಫಿಲಿಪ್ಸ್ ವಾಪಸ್ ಬಂದು 'ನ್ಯೂ ಬ್ಲಡ್' ಅಂತ ಹತ್ತು ಕಂತು ಮಾಡಿದರು. ಕೊನೆಯ ಕಂತಿನಲ್ಲಿ ಬಟಿಸ್ಟಾಗೆ ಫೋನ್ ಹೋಗುತ್ತೆ, ಮಿಯಾಮಿಯಿಂದ ಹೊರಡ್ತೀನಿ ಅಂತಾನೆ. ನಾನು ಸೋಫಾದ ತುದಿಗೆ ಬಂದು ಕೂತೆ. ಅವನು ಬಂದು ಮುಟ್ಟುವುದರೊಳಗೆ ಡೆಕ್ಸ್ಟರ್‌ಗೆ ಸ್ವಂತ ಮಗನೇ ಗುಂಡು ಹೊಡೆದು, ಕಥೆ ಮುಗಿದೇ ಹೋಯ್ತು. 2025ರ ಹೊಸ ಸರಣಿಯಲ್ಲಿ ನೋಡಿದರೆ, ಆ ಗುಂಡಿಗೂ ಸತ್ತಿಲ್ಲವಂತೆ!

ನೀವು ಇನ್ನೂ ಶುರು ಮಾಡಿಲ್ಲದೆ, ಇಷ್ಟೆಲ್ಲ ಓದಿಯೂ ಆಸೆಯಿದ್ದರೆ, ನಾಲ್ಕನೇ ಸೀಸನ್‌ವರೆಗೆ ಕಣ್ಣುಮುಚ್ಚಿ ನೋಡಿ. ಚಪಲ ತಡೆಯದಿದ್ದರೆ ಏಳು. ಅಲ್ಲಿಗೆ ಹಾರ್ಡ್ ಡಿಸ್ಕ್ ಕಿತ್ತು ಪಕ್ಕದ ರೂಮಿಗೆ ಕೊಟ್ಟುಬಿಡಿ.