ಬಾಗಿಲ ಹಿಡಿಗೆ ಸಿಕ್ಕಿಸಿದ ಕವರ್

ಪ್ರಶ್ನೆ: ನಮ್ಮ ಎದುರು ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದಾರೆ. ಅವರಿಗೆ ಮಂಡಿ ಆಪರೇಷನ್ ಆದಾಗಿನಿಂದ ಔಷಧಿ ತರುವುದು, ಕಸ ಕೆಳಗೆ ಒಯ್ಯುವುದು, ದಿನಕ್ಕೆರಡು ಸಲ ಹೋಗಿ ನೋಡಿಕೊಂಡು ಬರುವುದು ಎಲ್ಲಾ ನಾನೇ. ನನಗೆ ಆಗದ ದಿನ ಅವರನ್ನು ಫಿಸಿಯೋಥೆರಪಿಗೆ ಯಾರಾದರೂ ಕರೆದುಕೊಂಡು ಹೋಗ್ತೀರಾ ಅಂತ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೂ ಹಾಕಿದ್ದೆ. ಈಗ ಹದಿನೈದು ದಿನದಿಂದ ಅವರು ಬಾಗಿಲು ಪೂರ್ತಿ ತೆಗೆಯುವುದೇ ಇಲ್ಲ. ‘ಏನೂ ಬೇಡಮ್ಮ’ ಅಂತಾರೆ. ಮೊನ್ನೆ ನಮ್ಮ ಬಾಗಿಲ ಹಿಡಿಗೆ ಒಂದು ಕವರ್ ಸಿಕ್ಕಿಸಿದ್ದರು. ಒಳಗೆ ಇಷ್ಟು ದಿನದ ಔಷಧಿಯ ದುಡ್ಡು, ಚಿಲ್ಲರೆ ಸಮೇತ! ಹೋದ ತಿಂಗಳು ನಾನು ಕೀ ಮರೆತು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಾಗ ಒಳಗೆ ಕರೆದಿದ್ದರು. ಅವರಿಗ್ಯಾಕೆ ತೊಂದರೆ ಅಂತ ನಾನು ಹೋಗಲಿಲ್ಲ. ಇಷ್ಟು ಮಾಡಿದವಳಿಗೆ ಹೀಗಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಇಲ್ಲಿವರೆಗೆ ಮಾಡಿದ ಹಾಗೇ ಮಾಡಲೂ ಬೇಡಿ.

ನಿಮ್ಮ ಪತ್ರದಲ್ಲಿ ಕವರಿನ ಬಗ್ಗೆ ನೊಂದುಕೊಂಡು ಬರೆದಿದ್ದೀರಿ, ವಾಟ್ಸಾಪ್ ಗ್ರೂಪಿನ ವಿಷಯವನ್ನು ಮಾತ್ರ ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲಿ. ಆ ಮೆಸೇಜ್ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳಿದ್ದಿರಾ? ಕೇಳಿರಲಿಕ್ಕಿಲ್ಲ. ಅವರೂ ಆ ಗ್ರೂಪಿನಲ್ಲಿದ್ದಾರೋ ಏನೋ. ಇದ್ದರೆ, ತಮ್ಮ ಮಂಡಿಯ ಬಗ್ಗೆ ಇಡೀ ಕಟ್ಟಡ ಮಾತಾಡುವುದನ್ನು, ಒಬ್ಬೊಬ್ಬರೇ ‘ಈ ವಾರ ಕಷ್ಟ’ ಅನ್ನುವುದನ್ನು ಅವರು ಕೂತು ಓದಿದ್ದಾರೆ. ನೀವು ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೂ ಅವರ ಜಾಗದಲ್ಲಿ ನಾನಿದ್ದರೆ ನಾನೂ ಬಾಗಿಲು ಅರ್ಧವೇ ತೆಗೆಯುತ್ತಿದ್ದೆ.

ಸುಮ್ನೆ ಹೇಳುತ್ತಿಲ್ಲ. ಒಂದು ಸಲ ಕಾಲು ಮುರಿದು ನಾನು ಆರು ವಾರ ಮಲಗಿದ್ದೆ. ಪಕ್ಕದ ಮನೆಯವರು ದಿನಾ ಬಂದು ನನ್ನ ಅಡುಗೆಮನೆ ಕಟ್ಟೆ ಒರೆಸಿ, ಡಬ್ಬಿಗಳನ್ನು ತಮಗೆ ಸರಿ ಕಂಡ ಕಡೆ ಜೋಡಿಸಿ ಹೋಗುತ್ತಿದ್ದರು. ದೇವರಂಥ ಹೆಂಗಸು. ಆದರೆ ಮೂರನೇ ವಾರದ ಹೊತ್ತಿಗೆ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನನ್ನ ಮನೆಯಲ್ಲೇ ನಾನು ಇನ್ನೊಬ್ಬರನ್ನು ಕೇಳಬೇಕಿತ್ತು, ಅಷ್ಟೇ ನನ್ನ ಸಿಟ್ಟು. ಹೇಳಿದರೆ ಕೃತಘ್ನಳು ಅನ್ನಿಸಿಕೊಳ್ಳಬೇಕು. ಹೇಳಲೇ ಇಲ್ಲ.

ಇದು ನನ್ನೊಬ್ಬಳ ಹುಚ್ಚಲ್ಲ. ನಿಯಾಲ್ ಬೋಲ್ಜರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದಲ್ಲಿ ವಕೀಲಿಕೆಯ ಪರೀಕ್ಷೆಗೆ ಓದುತ್ತಿದ್ದವರು, ಅವರ ಸಂಗಾತಿಗಳು, ಇಬ್ಬರೂ ದಿನಾ ಡೈರಿ ಬರೆಯಬೇಕು: ಇವತ್ತು ನೆರವು ಸಿಕ್ಕಿತಾ, ಕೊಟ್ಟಿರಾ, ಮನಸ್ಸು ಹೇಗಿತ್ತು. ‘ಸಿಕ್ಕಿತು’ ಅಂತ ಪರೀಕ್ಷೆಗೆ ಓದುತ್ತಿದ್ದವರೇ ಬರೆದಾಗ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕುಗ್ಗಿತು. ಸಂಗಾತಿ ‘ಕೊಟ್ಟೆ’ ಅಂತ ಬರೆದು, ಪಡೆದವರ ಗಮನಕ್ಕೇ ಬಾರದೆ ಹೋದ ನೆರವಿನಿಂದ ಮಾತ್ರ ಮನಸ್ಸು ಸುಧಾರಿಸಿತು. ನಿಮ್ಮ ಕಸದ ಚೀಲದ ವಿಷಯಕ್ಕೆ ಇದನ್ನು ಹಚ್ಚಿ ನೋಡಿ. ‘ಕಸ ಕೊಡಿ, ನಾನು ಹಾಕ್ತೀನಿ’ ಅಂತ ಬೆಲ್ ಮಾಡಿ ಕೇಳುವುದು ಬೇರೆ, ಅವರು ಹೊರಗಿಟ್ಟ ಚೀಲವನ್ನು ನಿಮ್ಮದರ ಜೊತೆ ಎತ್ತಿಕೊಂಡು ಹೋಗಿಬಿಡುವುದು ಬೇರೆ.

ಇನ್ನು ಆ ಕೀ. ಎರಡು ಗಂಟೆ ಮೆಟ್ಟಿಲ ಮೇಲೆ! ಅವತ್ತು ಅವರ ಕೈಯಲ್ಲಿ ಕೊಡುವಂಥದ್ದು ಒಂದಿತ್ತು, ಕೂರಲು ಒಂದು ಕುರ್ಚಿ. ನೀವು ಬೇಡ ಅಂದಿರಿ. ಈಗ ಅವರು ‘ಏನೂ ಬೇಡಮ್ಮ’ ಅಂದಾಗ ನಿಮಗೆ ಚುಚ್ಚಿತು ಅಲ್ವಾ? ಅವರಿಗೂ ಹಾಗೇ ಆಗಿರಬೇಕು. ತೊಂದರೆ ಅನ್ನುವುದು ಬಹಳ ಸಲ ನಮ್ಮ ತಲೆಯಲ್ಲೇ ಇರುತ್ತದೆ. ಫ್ರಾನ್ಸಿಸ್ ಫ್ಲಿನ್ ಮತ್ತು ವೆನೆಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತರಿಂದ 5 ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು. ಹೋಗುವ ಮುಂಚೆ ಭಾಗವಹಿಸಿದವರು ಸರಾಸರಿ ಸುಮಾರು 20 ಜನರನ್ನು ಕೇಳಬೇಕಾದೀತು ಅಂದುಕೊಂಡಿದ್ದರು. ಹತ್ತು ಹನ್ನೊಂದು ಜನರಲ್ಲೇ ಕೆಲಸ ಮುಗಿಯಿತು.

ಹಾಗಾಗಿ ಈ ವಾರ ಹೋಗಿ, ಬರಿಗೈಯಲ್ಲಿ. ಮೊದಲು ಗ್ರೂಪಿನ ವಿಷಯ: ‘ನಿಮ್ಮನ್ನು ಕೇಳದೆ ಹಾಕಿದ್ದು ನನ್ನ ತಪ್ಪು.’ ಅಷ್ಟೇ ಸಾಕು, ‘ಆದರೆ’ ಬೇಡ. ಆಮೇಲೆ ನಿಮ್ಮ ಮನೆಯ ಇನ್ನೊಂದು ಕೀ ಕೊಟ್ಟು, ನಾನು ಮರೆಯುವುದು ಜಾಸ್ತಿ, ಇದು ನಿಮ್ಮ ಹತ್ತಿರ ಇರಲಿ ಅನ್ನಿ. ನಾಟಕವೇನಲ್ಲವಲ್ಲ, ನೀವು ಮರೆಯುವುದು ನಿಜ. ಅವರು ಕೀ ತೆಗೆದುಕೊಂಡರೆ ಇನ್ನೊಂದು ಕೇಳಿ: ತುರ್ತು ಇದ್ದರೆ ಯಾರಿಗೆ ಫೋನ್ ಮಾಡಲಿ? ಬೆಳಿಗ್ಗೆ ಕಿಟಕಿ ಪರದೆ ಸರಿಸಿದ್ದರೆ ಎಲ್ಲಾ ಸರಿಯಿದೆ ಅಂತ ಇಬ್ಬರೂ ಮಾತಾಡಿಕೊಳ್ಳಿ. ದಿನಕ್ಕೆರಡು ಸಲ ಹೋಗಿ ನೋಡುವುದಕ್ಕಿಂತ ಅದು ಮೇಲು. ಔಷಧಿ, ಫಿಸಿಯೋಥೆರಪಿ ಎಲ್ಲಾ ಅವರಾಗಿ ಕೇಳಿದಾಗ.

ಕವರನ್ನು ವಾಪಸ್ ಕೊಡಲು ಹೋಗಬೇಡಿ. ದುಡ್ಡು ಇಟ್ಟುಕೊಳ್ಳಿ, ಚಿಲ್ಲರೆ ಸಮೇತ. ಲೆಕ್ಕ ಸರಿ ಇತ್ತು ಅಂತ ಅವರಿಗೆ ಹೇಳಿ.